ಗೋಡೆಗೆ ಕಂಬಳಿ, ಕಚೇರಿಗೆ ಆಷಾಢ

ಸ್ಕೂಟರಿನ ಸೀಟೆತ್ತಿ ಇನ್ಶೂರೆನ್ಸ್ ಕಾಗದ ಹುಡುಕುತ್ತಿದ್ದೆ. ಕಾಗದ ಸಿಗಲಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಸಿಕ್ಕವು, ಚೀಲದ ತುಂಬ. ಕೆಂಪು, ನೀಲಿ, ಬಿಸಿಲಿಗೆ ಬಣ್ಣ ಕಳೆದುಕೊಂಡು ಎಲೆಅಡಿಕೆ ಹಾಕುವವರ ಹಲ್ಲಿನಂತಾದ ಹಳದಿ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಗಿರಿಜಕ್ಕಾ, ಬಟ್ಟೆ ಒಣಗಿಸಾಕೂ ಸ್ಕೂಟ್ರಾಗೇ ಹೋಗ್ತೀಯಾ?" ಅಂದಳು. ನಕ್ಕು ಸೀಟು ಮುಚ್ಚಿದೆ. ಆಕೆಗೆ ವಿವರಿಸುವಷ್ಟು ತ್ರಾಣ ಆಗ ನನ್ನಲ್ಲಿರಲಿಲ್ಲ. ನಿಮಗೆ ಹೇಳುತ್ತೇನೆ. ನೀವಾದರೆ ಮೊಬೈಲು ಹಿಡಿದು ಮಲಗಿಕೊಂಡೇ ಓದುತ್ತೀರಿ, ಬೇಜಾರಾದರೆ ಹೆಬ್ಬೆರಳಲ್ಲಿ ನನ್ನನ್ನು ಮೇಲೆ ತಳ್ಳಿ ಮುಂದೆ ಹೋಗುತ್ತೀರಿ. ನಿಂತುಕೊಂಡು ಕೇಳಿಸಿಕೊಳ್ಳುವವರಿಗೆ ಆ ಸೌಲಭ್ಯವಿಲ್ಲ.

ಚಳ್ಳಕೆರೆಯಲ್ಲಿ ನಮ್ಮದೊಂದು ವಾದ್ಯಗೋಷ್ಠಿಯಿದೆ. ಒಂದು ಪಿಟೀಲು, ಒಂದು ಕ್ಲಾರಿನೆಟ್ಟು, ಒಂದು ಕೊಳಲು, ಒಂದು ಹಾರ್ಮೋನಿಯಂ, ಒಂದು ತಬಲಾ. ಇವರಲ್ಲದೆ ನಾನು. ನನಗೆ ಯಾವ ವಾದ್ಯವೂ ಬರುವುದಿಲ್ಲ. ನಾನು ರವಿಕೆ ಹೊಲಿಯುವವಳು. ಗೋಷ್ಠಿಯಲ್ಲಿ ನನ್ನ ಪಾಲಿನ ಕೆಲಸವೆಂದರೆ ಫೋನು ಮಾಡುವುದು, ಜಾಗ ಕೇಳುವುದು, ಚಾಪೆ ಹಾಸುವುದು, ಚಹ ಕಾಯಿಸುವುದು, ಒಳಗೆ ನುಗ್ಗುವ ಮೇಕೆ ಓಡಿಸುವುದು, ಕೊನೆಗೆ ನಿಂತು ವಂದನೆ ಹೇಳುವುದು. ಇಷ್ಟು ವರ್ಷಗಳಲ್ಲಿ ಒಂದು ಕಚೇರಿಯನ್ನೂ ನಾನು ಕೂತು ಕೇಳಿದವಳಲ್ಲ. ಬಾಗಿಲ ಹತ್ತಿರ ನಿಂತು, ಒಂದು ಕಿವಿ ಒಳಗೆ, ಒಂದು ಕಣ್ಣು ಹೊರಗೆ ಇಟ್ಟುಕೊಂಡಿರುತ್ತಿದ್ದೆ.

ಈ ಸಲ ನನಗೆ ಸಾಕಾಗಿತ್ತು. ಸುತ್ತುಬಳಸಿ ಏನು ಹೇಳಲಿ, ಸುಸ್ತಾಗಿತ್ತು. ಮಂಡಿ ಸುಸ್ತು, ಗಂಟಲು ಸುಸ್ತು, ಫೋನಿನಲ್ಲಿ "ಹಲೋ" ಅನ್ನುವ ನಾಲಿಗೆಯೂ ಸುಸ್ತು. ಧನುರ್ಮಾಸದ ಕೊನೆಯ ಕಚೇರಿ ಮೊಳಕಾಲ್ಮೂರಿನಲ್ಲಿ. ಅಲ್ಲಿ ವಂದನೆ ಹೇಳುವಾಗಲೇ, "ಇನ್ನು ನನ್ನ ಕೈಲಾಗುವುದಿಲ್ಲ, ನನ್ನನ್ನು ಬಿಟ್ಟುಬಿಡಿ" ಅಂದುಬಿಡಬೇಕು ಎಂದು ತೀರ್ಮಾನ ಮಾಡಿದ್ದೆ. ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ನೀನು ಬಿಟ್ಟ ದಿನ ನಿನ್ನ ಬ್ಯಾಂಡ್‌ಸೆಟ್ಟು ಮುಚ್ಚಿಕೊಳ್ತೈತೆ, ನೋಡ್ಕೋ" ಅಂದರು. ನನ್ನನ್ನು ತಡೆಯಲು ಹೇಳಿದರೋ, ಹೊಗಳಲು ಹೇಳಿದರೋ ತಿಳಿಯಲಿಲ್ಲ. ಆದರೆ ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ನಾನು ಬಿಟ್ಟರೆ ಇದು ಮುಗಿಯಿತು. ಅದಕ್ಕೇ ಎರಡು ಆಷಾಢದಿಂದ ಬಾಯಿ ತೆರೆಯುವುದು, ಮತ್ತೆ ಮುಚ್ಚುವುದು ಮಾಡುತ್ತಿದ್ದೆ.

ಆಷಾಢ ಅಂದೆನಲ್ಲ, ಅದನ್ನು ಹೇಳಬೇಕು. ಬೇರೆ ಊರಿನ ಸಂಗೀತದವರಿಗೆ ರಾಮನವಮಿ, ದಸರಾ ಅಂತ ಸೀಸನ್ ಇರುತ್ತದೆ. ನಮ್ಮ ಸೀಸನ್ ಅಂದರೆ ಊರಿನವರು ಯಾವ ಶುಭಕಾರ್ಯವನ್ನೂ ಮಾಡದ ದಿನಗಳು. ಆಷಾಢ, ಪಿತೃಪಕ್ಷ, ಧನುರ್ಮಾಸ. ಕಾರಣ ಸರಳ. ಕ್ಲಾರಿನೆಟ್ಟಿನ ಓಬಳೇಶ ಮದುವೆ ಮನೆಗಳಲ್ಲಿ ಊದುವವನು, ಲಗ್ನದ ತಿಂಗಳಲ್ಲಿ ಅವನ ನೆರಳೂ ಸಿಗುವುದಿಲ್ಲ. ತಬಲಾದವನೂ ಹಾಗೇ. ಲಗ್ನವಿಲ್ಲದಿದ್ದರೆ ನನ್ನ ಅಂಗಡಿಗೂ ರವಿಕೆ ಬರುವುದಿಲ್ಲ, ಮೊಳಕಾಲ್ಮೂರಿನ ಸೀರೆಗೂ ಗಿರಾಕಿಯಿಲ್ಲ. ಹೀಗೆ ಊರಿಗೆಲ್ಲ ಕೆಟ್ಟ ಕಾಲ ಬಂದಾಗ ನಮಗೆ ಪುರುಸೊತ್ತು ಬರುತ್ತದೆ. ಪಿತೃಪಕ್ಷದಲ್ಲಿ ಒಮ್ಮೆ ಒಬ್ಬರು ಹಿರಿಯರು ನನ್ನನ್ನು ನಿಲ್ಲಿಸಿ, "ಏನವ್ವಾ, ಸತ್ತೋರಿಗೆ ಎಡೆ ಇಡೋ ದಿನದಾಗೆ ಪಿಟೀಲು ಕುಯ್ಸಿದ್ರೆ ಅವ್ರು ಉಣ್ತಾರೇನು?" ಎಂದು ಕೇಳಿದ್ದರು. "ಉಂಡಮ್ಯಾಲೆ ಕೇಳ್ಲಿ ಬಿಡಿ ತಾತ" ಅಂದೆ. ಅವರು ಬಂದರು ಕೂಡ. ಮುಂದಿನ ಸಾಲಿನಲ್ಲೇ ಕೂತಿದ್ದರು.

ಅವರ ಮಾತಿನಲ್ಲಿ ಸುಳ್ಳಿಲ್ಲ. ಹಾಡಿಲ್ಲದ ಪಿಟೀಲಿಗೂ ಸಾವಿಗೂ ನಮ್ಮ ಕಡೆ ಹಳೆಯ ನಂಟು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ರೇಡಿಯೋ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ ಇರುತ್ತಿತ್ತು. ಯಾರಾದರೂ ದೊಡ್ಡ ಮನುಷ್ಯರು ತೀರಿಕೊಂಡರೆ ಅದರಲ್ಲಿ ಹಾಡು ನಿಂತುಹೋಗುತ್ತಿತ್ತು, ದಿನವಿಡೀ ಬರೀ ವಾದ್ಯ. ಬೆಳಿಗ್ಗೆ ಎದ್ದು ಪಿಟೀಲು ಕೇಳಿಸಿದರೆ ಅವ್ವ ರೊಟ್ಟಿ ತಟ್ಟುವ ಕೈ ನಿಲ್ಲಿಸಿ, "ಯಾರ್ ಹೋದ್ರೋ ಪಾಪ" ಅನ್ನುತ್ತಿದ್ದಳು. ನಮಗೆ ಖುಷಿ. ಸ್ಕೂಲಿಗೆ ರಜ ಸಿಕ್ಕೀತು ಅಂತ. ಎಷ್ಟೋ ವರ್ಷ ನಾನು ಪಿಟೀಲು ಅಂದರೆ ರಜ ಎಂದೇ ತಿಳಿದಿದ್ದೆ. ದೇವರು ಅದಕ್ಕೇ ಶಿಕ್ಷೆ ಕೊಟ್ಟನೇನೋ, ಪಿಟೀಲಿನಿಂದಾಗಿಯೇ ನನಗೆ ರಜವಿಲ್ಲದ ಹಾಗಾಯಿತು.

ಆ ಪಿಟೀಲಿನವರು ಶೇಷಗಿರಿ ಮೇಷ್ಟ್ರು. ನಿವೃತ್ತರಾದ ಮೇಲೆ ಒಂದು ದಿನ ಅಂಗಡಿಗೆ ಬಂದು, ಪಿಟೀಲಿನ ಪೆಟ್ಟಿಗೆಗೆ ಹೊದಿಕೆ ಹೊಲಿದುಕೊಡಿ ಎಂದರು. ಅಳತೆ ತೆಗೆಯುತ್ತಾ, "ಸಾರ್, ಕುತ್ತಿಗೆ ಎಷ್ಟು ಇಳಿಸಲಿ?" ಎಂದು ಅಭ್ಯಾಸದಲ್ಲಿ ಕೇಳಿಬಿಟ್ಟೆ. ನಕ್ಕರು. ಹಾಗೆ ಶುರುವಾದ ಪರಿಚಯ. ಹಾಡುವವರ ಹಿಂದೆ ಕೂತು ಜೀವಮಾನವೆಲ್ಲ ಅವರ ದಾರಿಯಲ್ಲೇ ಉಜ್ಜಿದ್ದೇನೆ, ಒಂದು ಸಲವಾದರೂ ವಾದ್ಯಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದನ್ನು ಕೇಳಬೇಕು ಎಂದು ಅವರ ಆಸೆ. ಆಷಾಢ, ಅಂಗಡಿ ಖಾಲಿ. "ಮಾಡೋಣ ಬಿಡಿ ಸಾರ್" ಎಂದೆ. ಬಾಯಿ ನೋಡಿ ನನ್ನದು.

ಮೊದಲ ಕಚೇರಿ ಎಣ್ಣೆ ಮಿಲ್ಲಿನ ಗೋಡೌನಿನಲ್ಲಿ. ಶೇಂಗಾ ತುಂಬದಿರುವಾಗ ಅದು ಖಾಲಿ ಇರುತ್ತದೆಂದು ಯಜಮಾನರು ಬೀಗದ ಕೈ ಕೊಟ್ಟಿದ್ದರು. ಜನ ಬಂದರು, ಕೂತರು. ಐದು ಜನ ಒಂದು ಗಂಟೆ ನುಡಿಸಿದರು. ಮಧ್ಯೆ ನಿಲ್ಲಿಸಿದಾಗ ಹಿಂದಿನಿಂದ ಒಂದು ದನಿ, "ಅಕ್ಕಾ, ಹಾಡೋರು ಎಷ್ಟೊತ್ತಿಗೆ ಬರ್ತಾರ್ರೀ?"

"ಹಾಡೋರು ಇಲ್ರೀ."

"ಬಸ್ ತಪ್ತಾ?"

"ಹಾಡೋರೇ ಇಲ್ಲ. ಬರೀ ವಾದ್ಯ."

"ಓ. ಇವ್ರು ಇಷ್ಟೊತ್ತು ಶ್ರುತಿ ಕೂಡಿಸ್ತಾ ಇರ್ಲಿಲ್ವಾ ಹಂಗಾರೆ?"

ಮೇಷ್ಟ್ರು ಪಿಟೀಲಿನ ಕಮಾನಿಗೆ ರಾಳ ತಿಕ್ಕುವ ನೆಪದಲ್ಲಿ ತಲೆ ಬಗ್ಗಿಸಿಕೊಂಡರು.

ಹಾಗೆ ಕೇಳಿದ್ದು ಬೋರಮ್ಮ. ಸಂತೆಯಲ್ಲಿ ಕಂಬಳಿ ಮಾರುವವಳು, ಊರಿಗೆಲ್ಲ ಕೇಳಿಸುವ ಗಂಟಲು. ನಮ್ಮ ಗೋಷ್ಠಿ ಉಳಿದದ್ದೇ ಅವಳಿಂದ ಅನ್ನಬೇಕು. ಗೋಡೌನಿಗೆ ತಗಡಿನ ಸೂರು, ಬರಿಗೋಡೆ. ಪಿಟೀಲಿನ ಒಂದು ಎಳೆ ಹೋಗಿ ಗೋಡೆಗೆ ಹೊಡೆದು ನಾಲ್ಕಾಗಿ ವಾಪಸು ಬರುತ್ತಿತ್ತು. ಐದು ವಾದ್ಯ ಸೇರಿದರೆ ಗೋಲಿ ತುಂಬಿದ ಡಬ್ಬ ಅಲ್ಲಾಡಿಸಿದ ಹಾಗೆ. ಬೋರಮ್ಮ ಎರಡನೇ ಕಚೇರಿಗೆ ಆಟೋದಲ್ಲಿ ಕಂಬಳಿ ಹೇರಿಕೊಂಡು ಬಂದಳು. "ನಮ್ಮ ಮನೇಲಿ ಕಂಬಳಿ ಒಟ್ಟಿರೋ ಕ್ವಾಣ್ಯಾಗೆ ಕೂಗಿದ್ರೆ ನನ್ನ ದನೀನೂ ಹೊರಕ್ಕೆ ಬರಲ್ಲ. ಕಟ್ರಿ ಗ್ವಾಡೆಗೆ" ಅಂದಳು. ಹಗ್ಗ ಎಳೆದು, ಈಗ ಸ್ಕೂಟರಿನಲ್ಲಿ ಸಿಕ್ಕಿದ ಈ ಕ್ಲಿಪ್ಪು ಹಾಕಿ, ಕಟ್ಟಿದೆವು. ಪಿಟೀಲು ಒಂದೇ ಪಿಟೀಲಾಯಿತು.

ಅಲ್ಲಿಂದ ಅದೇ ಪದ್ಧತಿ. ಕೇಳಲು ಬರುವವರು ಮನೆಯಿಂದ ಒಂದು ಕಂಬಳಿ ತರಬೇಕು. ನನ್ನಿವಾಳದಿಂದ ಕುರಿ ಕಾಯುವ ಅಣ್ಣತಮ್ಮಂದಿರು ಬರುತ್ತಾರೆ, ಹೆಗಲ ಮೇಲಿನದನ್ನೇ ಇಳಿಸಿ ಕೊಡುತ್ತಾರೆ. ಮಳೆ ಬಿದ್ದಿದ್ದರೆ ಗೋಡೌನು ತುಂಬ ಹಸಿ ಕುರಿಯ ವಾಸನೆ, ಕೆಳಗೆ ಹಿಂಡಿಯ ವಾಸನೆ. ನಮ್ಮ ಗೋಷ್ಠಿಯ ಪೋಷಕರೆಂದರೆ ಇವರೇ. ಬೇರೆ ಕಡೆ ಪೋಷಕರ ಹೆಸರು ಫ್ಲೆಕ್ಸಿನಲ್ಲಿರುತ್ತದೆ. ನಮ್ಮಲ್ಲಿ ಗೋಡೆಯ ಮೇಲೆ ನೇತಾಡುತ್ತದೆ. ಎಷ್ಟು ಜನ ಬಂದಿದ್ದಾರೆಂದು ತಿರುಗಿ ನೋಡಬೇಕಿಲ್ಲ. ಜನ ಕಡಿಮೆಯಾದರೆ ಕಂಬಳಿ ಕಡಿಮೆ, ಕಂಬಳಿ ಕಡಿಮೆಯಾದರೆ ತಬಲಾ ಎರಡು ಸಲ ಕೇಳಿಸುತ್ತದೆ. ಧನುರ್ಮಾಸದಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಚಳಿಗೆ ಒಬ್ಬೊಬ್ಬರೇ ಮೆಲ್ಲಗೆ ಎದ್ದು ಗೋಡೆಯಿಂದ ತಮ್ಮ ಕಂಬಳಿ ಬಿಚ್ಚಿ ಹೊದ್ದುಕೊಳ್ಳುತ್ತಾರೆ. ಕಚೇರಿ ಮುಗಿಯುವ ಹೊತ್ತಿಗೆ ಜನ ಬೆಚ್ಚಗೆ, ಗೋಡೆ ಬೆತ್ತಲೆ. ಕೊನೆಯ ಕೀರ್ತನೆಯ ಅರ್ಧವನ್ನು ನುಡಿಸುವವರು ಮುಗಿಸಿದರೆ, ಉಳಿದರ್ಧವನ್ನು ತಗಡು ಮುಗಿಸುತ್ತದೆ.

ಕಂಬಳಿಯ ಮೇಲಿನ ಈ ಭಕ್ತಿ ಒಮ್ಮೆ ವಿಪರೀತಕ್ಕೆ ಹೋಯಿತು. ಮೊಳಕಾಲ್ಮೂರಿನಲ್ಲಿ ನಾಗರತ್ನಮ್ಮ ಅಂತ, ರೇಷ್ಮೆ ಸೀರೆ ನೇಯುವವರು, ಮನೆಮಾತು ತೆಲುಗು. ನನ್ನ ಅಂಗಡಿಗೆ ಅವರ ಸೀರೆಯ ರವಿಕೆಗಳು ಬಂದು ಬಂದು ಪರಿಚಯ. ಧನುರ್ಮಾಸದ ಕೊನೆಯ ಕಚೇರಿಯನ್ನು ನಮ್ಮ ಮಗ್ಗದ ಮನೆಯಲ್ಲೇ ಮಾಡಿ ಎಂದು ಕರೆದರು. ನಮ್ಮವರು ಟೆಂಪೋ ತುಂಬ ಕಂಬಳಿ ಹೇರಿಕೊಂಡು ಹೋಗಿ, ನಾಗರತ್ನಮ್ಮ ಹಿತ್ತಿಲಲ್ಲಿ ಅಕ್ಕಿ ತೊಳೆಯುತ್ತಿದ್ದಾಗ, ಸುತ್ತಲೂ ಕಟ್ಟಿ ಬೆನ್ನು ತಟ್ಟಿಕೊಂಡರು. ಒಳಗೆ ಬಂದ ನಾಗರತ್ನಮ್ಮನವರ ಕೈಯಿಂದ ಪಾತ್ರೆ ಬಿತ್ತು. ಮಗ್ಗದ ಮೇಲೆ ಬಿಳಿ ರೇಷ್ಮೆಯ ಹಾಸು, ಅಂದರೆ ನೇಯಲು ಎಳೆದ ಉದ್ದದ ಎಳೆಗಳು, ಬಿಗಿದಿತ್ತು. ಬೋರಮ್ಮ ಕೊಡವಿ ಕೊಡವಿ ಕಟ್ಟಿದ ಕಂಬಳಿಯ ಕರಿ ಉಣ್ಣೆಯೆಲ್ಲ ಅದರ ಮೇಲೆ ಕೂತು, ರೇಷ್ಮೆಗೆ ಮೀಸೆ ಬಂದಂತಿತ್ತು.

"ಅಯ್ಯೋ ದೇವುಡಾ! ಏಮ್ಮಾ ಇದು? ರೇಷ್ಮೆ ಮ್ಯಾಲೆ ಕುರಿ ಹಾಯಿಸಿದ್ರಲ್ಲಮ್ಮಾ!"

"ದನಿ ಗುಯ್ ಅನ್ಬಾರ್ದು ಅಂತ ಕಟ್ಟಿದ್ವಿ" ಅಂದಳು ಬೋರಮ್ಮ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ.

"ಇಲ್ಲೆಲ್ಲಿ ಗುಯ್ ಅಂತೈತೆ? ಕೂಗಿ ನೋಡ್ರಿ!"

ಕೂಗಿ ನೋಡಿದೆವು. ಅನ್ನಲಿಲ್ಲ. ಮರದ ಮಗ್ಗ, ಮೇಲೆ ತೂಗುಹಾಕಿದ ನೂಲಿನ ಲಡಿಗಳು, ಮಣ್ಣಿನ ಗೋಡೆ, ಎಲ್ಲವೂ ಸೇರಿ ದನಿಯನ್ನು ಎಷ್ಟು ಬೇಕೋ ಅಷ್ಟೇ ಕುಡಿಯುತ್ತಿದ್ದವು. ಕಚೇರಿಗೆ ಮೊದಲು ನಾವೆಲ್ಲ ಹಾಸಿನ ಎರಡೂ ಪಕ್ಕ ಕುಕ್ಕರುಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಒಂದೊಂದೇ ಕೂದಲು ಹೆಕ್ಕಿದೆವು. ಮೇಷ್ಟ್ರು ಕನ್ನಡಕ ಮೂಗಿನ ತುದಿಗಿಟ್ಟು ಹೆಕ್ಕಿದರು. ಓಬಳೇಶ ಉಫ್ ಅಂತ ಊದಲು ಹೋಗಿ ನಾಗರತ್ನಮ್ಮನವರಿಂದ ಬೈಸಿಕೊಂಡ. ಅವನಿಗೆ ಕೆಲಸವೆಂದರೆ ಊದುವುದು, ಪಾಪ. ಅಂದಿನಿಂದ ಮೊಳಕಾಲ್ಮೂರಿಗೆ ಹೋಗುವಾಗ ಕಂಬಳಿಗೆ ಪ್ರವೇಶವಿಲ್ಲ. ಮೈಮೇಲಿದ್ದರೂ ಹೊಸ್ತಿಲಾಚೆ ಬಿಡಬೇಕು.

ಇದನ್ನೆಲ್ಲ ಈಗ ನಗುತ್ತಾ ಹೇಳುತ್ತಿದ್ದೇನೆ. ಆದರೆ ಈ ವರ್ಷ ನನಗೆ ಯಾವುದಕ್ಕೂ ನಗು ಬರಲಿಲ್ಲ. ಆಷಾಢದ ಗಾಳಿ ಗೋಡೌನಿನ ತಗಡೆತ್ತಿತು, ರಿಪೇರಿಯವನ ಹಿಂದೆ ನಾನು. ಪಿತೃಪಕ್ಷದಲ್ಲಿ ಕೊಳಲಿನವನಿಗೆ ಜ್ವರ, ಬದಲಿ ಹುಡುಕುತ್ತಾ ನಾನು. ಮೊಬೈಲಿನ ಗ್ರೂಪಿನಲ್ಲಿ ಕಚೇರಿ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆದು ಹಾಕಿದರೆ, ಅದರ ಕೆಳಗೇ "ಕಚೇರಿ ಎಲ್ಲಿ? ಎಷ್ಟು ಹೊತ್ತಿಗೆ?" ಎಂದು ಕೇಳುತ್ತಾರೆ. ಜೊತೆಗೆ ಮೇಷ್ಟ್ರಿಗೂ ಓಬಳೇಶನಿಗೂ ಹಳೆಯ ತಕರಾರು. ಚಳಿಗೆ ಕ್ಲಾರಿನೆಟ್ಟಿನ ಶ್ರುತಿ ಇಳಿಯುತ್ತದೆ.

"ಓಬಳೇಶ, ಇಳಿದಿದೆ ಕಣೋ."

"ಚಳಿಗೆ ಇಳಿದೈತೆ ಸಾರ್, ನಾನು ಇಳಿಸಿಲ್ಲ."

"ಯಾರು ಇಳಿಸಿದರೂ ಇಳಿದಿದೆ."

"ಹಂಗಾರೆ ನೀವೇ ಒಂಚೂರು ಇಳೀರಿ ಸಾರ್. ದೊಡ್ಡೋರು ನೀವು."

ಆಮೇಲೆ ಇಬ್ಬರೂ ನನಗೆ ಬೇರೆ ಬೇರೆ ಫೋನು ಮಾಡುತ್ತಾರೆ. ಒಬ್ಬರಿಗೆ "ಅವನು ಚಿಕ್ಕವನು ಸಾರ್", ಇನ್ನೊಬ್ಬನಿಗೆ "ಅವರು ವಯಸ್ಸಾದವರು ಕಣಪ್ಪಾ". ಹೊಲಿಗೆ ಯಂತ್ರದ ಮೇಲೆ ಒಂದು ಕಾಲು, ಭುಜ ಕಿವಿಗಳ ನಡುವೆ ಫೋನು. ಸಂಕ್ರಾಂತಿಯಾಚೆಯ ಲಗ್ನಕ್ಕೆಂದು ಬಂದಿದ್ದ ಒಬ್ಬ ಮದುವಣಗಿತ್ತಿಯ ರವಿಕೆಗೆ ಎರಡೂ ಕಡೆ ಎಡದ ತೋಳೇ ಇಟ್ಟುಬಿಟ್ಟೆ. ಬಿಚ್ಚುತ್ತಾ ಕೂತಾಗ ಅಳು ಬಂತು. ಅಂದೇ ನಿರ್ಧಾರ ಗಟ್ಟಿಯಾದದ್ದು.

ಮೊಳಕಾಲ್ಮೂರಿಗೆ ಟೆಂಪೋದಲ್ಲಿ ಹೊರಟೆವು. ತಳಕು ದಾಟುವವರೆಗೆ ನಾನು ಮನಸ್ಸಿನಲ್ಲೇ ವಂದನೆಯ ಮಾತು ಕಟ್ಟುತ್ತಿದ್ದೆ. ಮೊದಲು ಮಿಲ್ಲಿನ ಯಜಮಾನರು, ಆಮೇಲೆ ಕಂಬಳಿ ತಂದವರು, ಆಮೇಲೆ ಮನೆ ಕೊಟ್ಟವರು, ಆಮೇಲೆ ಕರೆಂಟು ತೆಗೆಯದ ಇಲಾಖೆಯವರು. ಪ್ರತಿ ವರ್ಷದ ಅದೇ ಕ್ರಮ. ಕೊನೆಯಲ್ಲಿ ಆ ಒಂದು ಮಾತು. ಅದನ್ನು ಅಳದೆ ಹೇಳಬೇಕು. ನಾಲ್ಕು ಜನ "ಬೇಡ ಅಕ್ಕಾ" ಅಂದಾರು. ಆಗಲೂ ಬಗ್ಗಬಾರದು.

ನಾವು ತಲುಪಿದಾಗ ಮಧ್ಯಾಹ್ನದ ಬಿಸಿಲು. ಬೀದಿಯ ತುಂಬ ಮಗ್ಗದ ಸದ್ದು. ಕಚೇರಿಗೆ ಹೊತ್ತಾದಂತೆ ಒಂದೊಂದು ಮನೆಯಲ್ಲೂ ಮಗ್ಗ ನಿಲ್ಲುತ್ತಾ ಬಂತು. ಯಾರೂ ನಿಲ್ಲಿಸಿ ಎಂದು ಹೇಳುವುದಿಲ್ಲ. ನೇಯುವವರು ಎದ್ದು, ಕಾಲು ಕೊಡವಿಕೊಂಡು ನಾಗರತ್ನಮ್ಮನವರ ಮನೆಗೆ ಬರುತ್ತಾರೆ, ಅಷ್ಟೇ. ಬೀದಿಯ ಕೊನೆಯಲ್ಲಿ ಒಂದು ಮಗ್ಗ ಮಾತ್ರ ಆಡುತ್ತಲೇ ಇತ್ತು. "ಅಂವಂದು ಹಬ್ಬಕ್ಕೆ ಕೊಡೋ ಸೀರೆ ಐತೆ, ಇರ್ಲಿ ಬಿಡಿ" ಎಂದರು ಯಾರೋ. ತಬಲಾದವನು ಆ ಸದ್ದಿಗೆ ಕಿವಿಗೊಟ್ಟು, ಅದರ ಲಯಕ್ಕೇ ಮೆಲ್ಲಗೆ ಬೆರಳಾಡಿಸಿ, ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಬೇಡ ಅನ್ನಲಿಲ್ಲ.

ನಾನು ಅಭ್ಯಾಸದಂತೆ ಬಾಗಿಲಿಗೆ ಹೋದೆ. ನಾಗರತ್ನಮ್ಮ ಬಂದು ನನ್ನ ರಟ್ಟೆ ಹಿಡಿದರು.

"ಏನ್ರೀ ಹಿಂಗ್ ಆಗೀರಿ? ಮಕ ನೋಡ್ಕಂಡೀರಾ? ಕೂತ್ಕಳ್ರಿ ಇಲ್ಲಿ."

"ಚಹ..."

"ನಮ್ಮನೇಗೆ ಚಹ ನಾನ್ ಮಾಡ್ಬೇಕೋ, ನೀವ್ ಮಾಡ್ಬೇಕೋ?"

ಮಗ್ಗದ ಪಕ್ಕ ಒಂದು ದುಪ್ಪಟಿ ಮಡಚಿ ಹಾಕಿ ಕೂರಿಸಿದರು. ಮರದ ಕಂಬಕ್ಕೆ ಒರಗಿದೆ. ಮೇಷ್ಟ್ರು ಕಮಾನೆತ್ತಿದರು. ಮೊದಲ ಎಳೆ ಬಂತು. ನಾನು ಕೇಳಿದ್ದು ಅಷ್ಟೇ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಇಷ್ಟು ವರ್ಷಗಳಲ್ಲಿ ಕೂತು ಕೇಳಲು ಸಿಕ್ಕಿದ ಮೊದಲ ಕಚೇರಿಯಲ್ಲಿ ನಾನು ನಿದ್ದೆ ಹೋದೆ. ಸುಮ್ಮನೆ ತೂಕಡಿಕೆಯಲ್ಲ, ಬಾಯಿ ತೆರೆದುಕೊಂಡು, ಕತ್ತು ವಾಲಿಸಿಕೊಂಡು, ಬಾವಿಗೆ ಕೊಡ ಬಿದ್ದ ಹಾಗೆ. ನಡುವೆ ಎಲ್ಲೋ ಕ್ಲಾರಿನೆಟ್ಟು ಅಲೆಯಂತೆ ಬಂದು ಹೋಯಿತು. ಯಾರೋ ನನ್ನ ಭುಜ ಮುಟ್ಟಿದರು. "ಲೇಪೊದ್ದು, ಪಡುಕೋನೀ" ಎಂದಿತು ನಾಗರತ್ನಮ್ಮನವರ ದನಿ. ಎಬ್ಬಿಸಬೇಡ, ಮಲಗಲಿ ಅಂತ. ಭುಜದ ಕೈ ಹಿಂದೆ ಹೋಯಿತು.

ಕಣ್ಣು ಬಿಟ್ಟಾಗ ಚಾಪೆಗಳನ್ನು ಸುತ್ತಿಯಾಗಿತ್ತು. ತೊಳೆದ ಲೋಟಗಳು ಬೋರಲಾಗಿದ್ದವು. ಬೀದಿಯ ಮಗ್ಗಗಳು ಮತ್ತೆ ಆಡುತ್ತಿದ್ದವು. ಧಡಕ್ಕನೆ ಎದ್ದು ನಿಂತೆ. "ವಂದನೆ?"

"ಮೇಷ್ಟ್ರು ಹೇಳಿದ್ರಲ್ಲಕ್ಕಾ" ಅಂದ ಓಬಳೇಶ, ಕ್ಲಾರಿನೆಟ್ಟಿನ ತುಂಡುಗಳನ್ನು ಬಟ್ಟೆಯಲ್ಲಿ ಒರೆಸುತ್ತಾ. "ಭಾಳ ಚೆಂದ ಹೇಳಿದ್ರು."

ಬೋರಮ್ಮ ಮಧ್ಯೆ ಬಾಯಿ ಹಾಕಿದಳು. "ಮುಂದಿಂದೂ ಮಾತಾತು. ನಿಮ್ಮನ್ನ ನೋಡಿ ನಾಗರತ್ನಮ್ಮಾರು ಅಂದ್ರು, ಈ ಯಮ್ಮನ ಪ್ರಾಣ ತಿಂದಿದ್ದು ಸಾಕು, ಎಲ್ರೂ ಒಂದೊಂದು ಹಂಚ್ಕಳ್ಳಿ ಅಂತ. ಆಷಾಢ ನಂದು. ಪಿತೃಪಕ್ಷ ನನ್ನಿವಾಳದೋರ್ದು. ಇಲ್ಲಿಂದು ಇವ್ರುದ್ದೇ. ಫೋನ್ ಮಾಡೋದು ತಬಲಾದವನು. ನೀವು ಏನೂ ಮಾಡಂಗಿಲ್ಲ, ತಿಳೀತಾ?"

ಎರಡು ಆಷಾಢದಿಂದ ನನ್ನ ಬಾಯಲ್ಲೇ ಸಿಕ್ಕಿಕೊಂಡಿದ್ದ ಮಾತು. ಇವರು ಲೋಟ ತೊಳೆಯುವಷ್ಟರಲ್ಲಿ ಮುಗಿಸಿಬಿಟ್ಟಿದ್ದರು. ನಾನು ಬಿಟ್ಟ ದಿನ ಮುಚ್ಚಿಕೊಳ್ಳುತ್ತದೆ ಎಂದಿದ್ದರಲ್ಲ ಮನೆಯವರು. ಒಬ್ಬರೂ "ಬೇಡ ಅಕ್ಕಾ" ಅನ್ನಲಿಲ್ಲ. ಅನ್ನಲಿ ಎಂದು ಕಾಯುತ್ತಿದ್ದೆನೇ? ಕಾಯುತ್ತಿದ್ದೆ ಕಣ್ರೀ. ಯಾಕೆ ಮುಚ್ಚಿಡಲಿ.

"ಸಾರ್, ವಂದನೆಯಲ್ಲಿ ಯಾರನ್ನೂ ಬಿಡಲಿಲ್ಲ ತಾನೆ?" ಎಂದು ಕೇಳಿದೆ, ಮಾತು ಬೇರೆ ಕಡೆ ತಿರುಗಿಸಲು.

ಮೇಷ್ಟ್ರು ಪಾಠ ಒಪ್ಪಿಸುವ ಹುಡುಗನಂತೆ ಬೆರಳು ಮಡಚಿದರು. "ಮಿಲ್ಲಿನ ಯಜಮಾನರು, ಕಂಬಳಿ ತಂದವರು, ಮನೆ ಕೊಟ್ಟವರು, ಕರೆಂಟಿನವರು. ನೀವು ವರ್ಷ ವರ್ಷ ಹೇಳಿದ್ದು ಬಾಯಿಪಾಠ ಆಗಿದೆ ನನಗೆ, ಒಂದಕ್ಷರ ಬಿಟ್ಟಿಲ್ಲ."

ಓಬಳೇಶ ಒರೆಸುವುದನ್ನು ನಿಲ್ಲಿಸಿದ. "ಸಾರ್, ಅಕ್ಕನ ಹೆಸರು?"

ಮೇಷ್ಟ್ರ ಬೆರಳು ಹಾಗೇ ನಿಂತಿತು. ನನ್ನ ವಂದನೆಯಲ್ಲಿ ನನ್ನ ಹೆಸರು ಎಲ್ಲಿರಬೇಕು? ಹೇಳುವವಳೇ ನಾನು. ಇಲ್ಲದ್ದನ್ನು ಅವರು ಹೇಗೆ ಬಾಯಿಪಾಠ ಮಾಡಿಯಾರು? ಅವರ ಮುಖ ನೋಡಲಾಗಲಿಲ್ಲ. ಬಿಳಿ ಹುಬ್ಬಿನ ಕೆಳಗೆ ಕಣ್ಣು ತುಂಬುವ ಹಾಗಿತ್ತು. ಜನ ಆಗಲೇ ಮನೆಗಳಿಗೆ ಹೋಗಿ ಲಾಳಿ ಹಿಡಿದಾಗಿತ್ತು, ಕರೆದು ಮತ್ತೆ ಕೂರಿಸಿ ಹೇಳುವ ಹಾಗೂ ಇಲ್ಲ.

"ಒಳ್ಳೇದಾಯ್ತು ಬಿಡಿ ಸಾರ್. ಹೆಸರು ಹೇಳಿದ್ದರೆ ನಿದ್ದೆಯಲ್ಲೇ ಎದ್ದು ಕೈ ಮುಗಿಯಬೇಕಿತ್ತು" ಅಂದೆ. ಬೋರಮ್ಮ ಗೊಳ್ಳೆಂದಳು. ಮೇಷ್ಟ್ರು ನಗಲಿಲ್ಲ. ನನಗೂ ನಿಜವಾಗಿ ನಗು ಬಂದಿರಲಿಲ್ಲ.

ವಾಪಸು ಬರುವಾಗ ಟೆಂಪೋದಲ್ಲಿ ಬೋರಮ್ಮ ನನ್ನ ಪಕ್ಕ ಕೂತಿದ್ದಳು. ಹಾನಗಲ್ ಕ್ರಾಸಿನಲ್ಲಿ ಹೊತ್ತು ಮುಳುಗುತ್ತಿತ್ತು. ಅವಳು ಕುಂಕುಮದ ಪೊಟ್ಟಣ ಬಿಚ್ಚಿ, ಅಲುಗಾಡುವ ಗಾಡಿಯಲ್ಲೇ ನನ್ನ ಹಣೆಗಿಟ್ಟಳು. ಅರ್ಧ ಮೂಗಿನ ಮೇಲೆ ಬಿತ್ತು. ನಮ್ಮ ಕಡೆ ಮನೆಗೆ ಕರೆಯುವುದು ಹಾಗೇ.

"ಆಷಾಢಕ್ಕೆ ಗೋಡೌನ್ನಾಗೆ ಕಚೇರಿ ಐತೆ ಗಿರಿಜಮ್ಮ. ತಪ್ಪದೆ ಬರ್ಬೇಕು."

ಈ ಗೋಷ್ಠಿಗೆ ಊರೂರು ತಿರುಗಿ ಜನರನ್ನು ಕರೆದವಳು ನಾನು. ನನ್ನನ್ನು ಯಾರೂ ಯಾವತ್ತೂ ಕರೆದಿರಲಿಲ್ಲ. ಮೂಗಿನ ಮೇಲಿನ ಕುಂಕುಮ ಒರೆಸಿಕೊಂಡೆ.

"ನೋಡೋಣ" ಅಂದೆ. "ಪುರುಸೊತ್ತಾದ್ರೆ ಬರ್ತೀನಿ."